ಪೆನ್ಸಿಲ್‌ನಲ್ಲಿ ಕಲ್ಲು, ಮರ, ಗಾಜು, ಕೂದಲು: ಮೇಲ್ಮೈಯನ್ನು ನಿಜದಂತೆ ಬಿಡಿಸುವುದು ಹೇಗೆ?

ಪೆನ್ಸಿಲ್ ಚಿತ್ರ ಬಿಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಆಕಾರ ಸರಿ ಬರುತ್ತದೆ, ಅಳತೆಯೂ ತಪ್ಪಿಲ್ಲ, ಆದರೂ ಕಲ್ಲು ಕಲ್ಲಿನ ಹಾಗೆ ಕಾಣುವುದಿಲ್ಲ, ಬಟ್ಟೆ ಬಟ್ಟೆಯ ಹಾಗೆ ಕಾಣುವುದಿಲ್ಲ, ಎಲ್ಲವೂ ಒಂದೇ ಬೂದು ಬಣ್ಣದ ಮುದ್ದೆಯಾಗಿ ಕೂತಿರುತ್ತದೆ. ಯಾಕೆ?

ಬಹಳ ಜನ ಇದಕ್ಕೆ ಒಳ್ಳೆಯ ಪೆನ್ಸಿಲ್ ಇಲ್ಲ ಅಂತಲೋ, ಕೈ ಪಳಗಿಲ್ಲ ಅಂತಲೋ ಕಾರಣ ಹುಡುಕುತ್ತಾರೆ. ನಿಜವಾದ ಕಾರಣ ನೋಡುವ ರೀತಿಯಲ್ಲಿದೆ. ಟೆಕ್ಸ್‌ಚರ್ ಅಂದರೆ ಮೇಲ್ಮೈಯ ಗುಣ: ಒರಟು, ನುಣುಪು, ಹೊಳಪು, ಮೆತ್ತಗೆ. ಕೈಯಿಂದ ಮುಟ್ಟಿದರೆ ಗೊತ್ತಾಗುವ ವಿಷಯ ಅದು. ಆದರೆ ಹಾಳೆ ಚಪ್ಪಟೆ. ಅದರ ಮೇಲೆ ಒರಟುತನವನ್ನು ಬಿಡಿಸಲು ಆಗುವುದಿಲ್ಲ. ಒರಟು ಜಾಗದ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೋ ಅದನ್ನಷ್ಟೇ ಬಿಡಿಸಬಹುದು. ಕಲ್ಲಿನ ಮೇಲಿನ ಒಂದೊಂದು ತರಿಗೂ ಬೆಳಕಿನ ಕಡೆ ಒಂದಿದೆ, ನೆರಳಿನ ಕಡೆ ಒಂದಿದೆ. ಈ ಲೇಖನದ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ, ಹಾಗಾಗಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಏನೇನು ಬೇಕು

ಪಟ್ಟಿ ಚಿಕ್ಕದು. ಇಪ್ಪತ್ತನಾಲ್ಕು ಪೆನ್ಸಿಲ್‌ಗಳ ದೊಡ್ಡ ಡಬ್ಬಿ ಖಂಡಿತ ಬೇಡ.

ಪೆನ್ಸಿಲ್: 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಇದ್ದರೆ ಸಾಕು. ಪೆನ್ಸಿಲ್ ಕಡ್ಡಿಯನ್ನು ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಬೆರೆಸಿ ಸುಟ್ಟು ಮಾಡುತ್ತಾರೆ. ಫ್ರಾನ್ಸ್‌ನ ನಿಕೋಲಾ ಜಾಕ್ ಕೋಂಟೆ 1795ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಲೆಕ್ಕ ಅದೇ. ಮಣ್ಣು ಜಾಸ್ತಿ ಇದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಅದು ಎಚ್ ಗುಂಪು. ಗ್ರಾಫೈಟ್ ಜಾಸ್ತಿ ಇದ್ದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಅದು ಬಿ ಗುಂಪು. ಮುಂದಿನ ಅಂಕಿ ದೊಡ್ಡದಾದಷ್ಟೂ ಆ ಗುಣ ಹೆಚ್ಚುತ್ತದೆ. ಒಂದು ಕಂಪನಿಯ 4ಬಿ ಇನ್ನೊಂದು ಕಂಪನಿಯ 4ಬಿಯಷ್ಟೇ ಕಪ್ಪಾಗಿರಬೇಕು ಅಂತೇನಿಲ್ಲ, ಆದ್ದರಿಂದ ಸಾಧ್ಯವಾದರೆ ಎಲ್ಲವನ್ನೂ ಒಂದೇ ಕಂಪನಿಯದು ತೆಗೆದುಕೊಳ್ಳಿ.

ಹಾಳೆ: ಇದರ ಬಗ್ಗೆ ಜನ ಯೋಚನೆ ಮಾಡುವುದೇ ಕಡಿಮೆ, ಆದರೆ ಫಲಿತಾಂಶದಲ್ಲಿ ಪೆನ್ಸಿಲ್‌ಗಿಂತ ಹಾಳೆಯ ಪಾಲೇ ದೊಡ್ಡದು ಅನ್ನುತ್ತೇನೆ. ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳಿರುತ್ತವೆ. ಇದನ್ನು ಹಾಳೆಯ ತರಿ ಅನ್ನೋಣ. ಗ್ರಾಫೈಟ್ ಸಿಕ್ಕಿಕೊಳ್ಳುವುದು ಈ ತರಿಗೆ. ತರಿ ಪೂರ್ತಿ ತುಂಬಿಹೋದ ಮೇಲೆ ಹಾಳೆ ಇನ್ನೊಂದು ಪದರ ಹಿಡಿಯುವುದಿಲ್ಲ, ಪೆನ್ಸಿಲ್ ಸುಮ್ನೆ ಜಾರುತ್ತದೆ. ಪ್ರಿಂಟರ್‌ಗೆ ಹಾಕುವ 70-80 ಜಿಎಸ್‌ಎಂ ಹಾಳೆಯಲ್ಲಿ ಎರಡು ಮೂರು ಪದರಕ್ಕೇ ಈ ಸ್ಥಿತಿ ಬರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. 180ರಿಂದ 300 ಜಿಎಸ್‌ಎಂ ನಡುವಿನ ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಗಾಜು, ಲೋಹ, ಚರ್ಮಕ್ಕೆ ನುಣುಪು ಹಾಳೆ, ಕಲ್ಲು ಗೋಡೆಗೆ ಸ್ವಲ್ಪ ತರಿ ಇರುವ ಹಾಳೆ. ಜಲವರ್ಣಕ್ಕೆ ಬಳಸುವ ತೀರಾ ಒರಟು ಹಾಳೆ ಬೇಡ. ಅದರಲ್ಲಿ ನೀವು ಏನು ಬಿಡಿಸಿದರೂ ಮೊದಲು ಕಾಣುವುದು ಹಾಳೆಯ ಒರಟುತನವೇ.

ರಬ್ಬರ್: ಎರಡು ಬಗೆ ಬೇಕು. ಮೊದಲನೆಯದು ನೀಡೆಡ್ ಇರೇಸರ್. ಇದು ನಾದಿದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ, ಬೇಕಾದ ಆಕಾರಕ್ಕೆ ತರಬಹುದು. ಇದರಿಂದ ಉಜ್ಜಬಾರದು, ಒತ್ತಿ ಎತ್ತಬೇಕು, ಆಗ ಗ್ರಾಫೈಟ್ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ಎರಡನೆಯದು ಪೆನ್ ಥರ ಇರುವ, ಸಣ್ಣ ತುದಿಯ ರಬ್ಬರ್. ಇದು ತೆಳುವಾದ ಬಿಳಿ ಗೆರೆ ಎಳೆಯಲು.

ಇನ್ನು ಉಳಿದದ್ದು: ಒಂದು ಬ್ಲೆಂಡಿಂಗ್ ಸ್ಟಂಪ್, ಅಂದರೆ ಕಾಗದವನ್ನು ಬಿಗಿಯಾಗಿ ಸುತ್ತಿ ಮಾಡಿದ, ನೆರಳನ್ನು ಹರಡುವ ಕಡ್ಡಿ. ಕಸ ತೆಗೆಯಲು ಮೆತ್ತನೆಯ ಬ್ರಷ್. ಇಂಕು ಮುಗಿದ ಬಾಲ್‌ಪೆನ್, ಇದರ ಕೆಲಸ ಆಮೇಲೆ ಹೇಳುತ್ತೇನೆ. ಕೈ ಕೆಳಗೆ ಇಡಲು ಒಂದು ಬಿಳಿ ಹಾಳೆ.

ಹಂತ 1: ಬೂದು ಪಟ್ಟಿ ಮಾಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಒಂದು ಹಾಳೆಯಲ್ಲಿ ಸಾಲಾಗಿ ಒಂಬತ್ತು ಚೌಕ ಹಾಕಿ. ಮೊದಲನೆಯದು ಹಾಳೆಯ ಬಿಳಿ, ಹಾಗೇ ಬಿಡಿ. ಒಂಬತ್ತನೆಯದು ನಿಮ್ಮ 6ಬಿ ಕೊಡಬಹುದಾದ ಅತಿ ಕಪ್ಪು. ನಡುವಿನ ಏಳನ್ನು ಹಂತ ಹಂತವಾಗಿ ತುಂಬಿ, ಒಂದರಿಂದ ಇನ್ನೊಂದಕ್ಕೆ ಸಮಾನ ವ್ಯತ್ಯಾಸ ಇರಲಿ. ಇದನ್ನು ವ್ಯಾಲ್ಯೂ ಸ್ಕೇಲ್ ಅಂತಾರೆ, ಅಂದರೆ ಬಿಳಿಯಿಂದ ಕಪ್ಪಿನವರೆಗಿನ ಮೆಟ್ಟಿಲು.

ಮಾಡುತ್ತಾ ಹೋದಾಗ ಒಂದು ವಿಷಯ ನಿಮಗೇ ಕಾಣುತ್ತದೆ: ಏಳನೆಯ ಮೆಟ್ಟಿಲಿನ ಆಚೆಗೆ ಹೋಗಲು ಕೈ ಹೆದರುತ್ತದೆ. ಹೊಸಬರ ಚಿತ್ರಗಳು ಮಂಕಾಗಿ ಕಾಣುವುದು ಇದೇ ಕಾರಣಕ್ಕೆ, ಎಲ್ಲವೂ ಮೂರರಿಂದ ಆರರ ಒಳಗೇ ಮುಗಿದಿರುತ್ತದೆ. ಈ ಪಟ್ಟಿಯನ್ನು ಕತ್ತರಿಸಿಟ್ಟುಕೊಳ್ಳಿ. ಚಿತ್ರ ಬಿಡಿಸುವಾಗ ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಿರಿ.

ಎಚ್ಚರಿಕೆ: ಕಪ್ಪು ಬೇಕು ಅಂತ ಎಚ್‌ಬಿಯನ್ನು ಒತ್ತಿ ತಿಕ್ಕಬೇಡಿ. ಹಾಳೆಯ ತರಿ ಅಲ್ಲೇ ಸಪಾಟಾಗುತ್ತದೆ, ಅದರ ಮೇಲೆ ಆಮೇಲೆ 6ಬಿ ಹಾಕಿದರೂ ಹಿಡಿಯುವುದಿಲ್ಲ. ಕಪ್ಪು ಬರಬೇಕಾದದ್ದು ಪೆನ್ಸಿಲ್ ಬದಲಾಯಿಸುವುದರಿಂದ, ಪದರ ಏರಿಸುವುದರಿಂದ. ಭುಜದ ಬಲದಿಂದಲ್ಲ.

ಹಂತ 2: ಒಂದೇ ಬೆಳಕಿಗೆ ಇಟ್ಟು ನೋಡಿ

ಬಿಡಿಸಬೇಕಾದ ವಸ್ತುವನ್ನು ಒಂದೇ ಕಡೆಯಿಂದ ಬೆಳಕು ಬೀಳುವ ಹಾಗೆ ಇಡಿ. ಕಿಟಕಿ ಆಗಬಹುದು, ಟೇಬಲ್ ಲ್ಯಾಂಪ್ ಆಗಬಹುದು. ಬೆಳಕು ಪಕ್ಕದಿಂದ, ತುಸು ಓರೆಯಾಗಿ ಬರಲಿ. ಎದುರಿನಿಂದ ನೇರವಾಗಿ ಬೆಳಕು ಬಿದ್ದರೆ ಸಣ್ಣ ಉಬ್ಬುತಗ್ಗುಗಳ ನೆರಳು ಮಾಯವಾಗಿ ಮೇಲ್ಮೈ ಚಪ್ಪಟೆಯಾಗಿ ಕಾಣುತ್ತದೆ. ಫೋಟೊ ನೋಡಿ ಬಿಡಿಸುವವರು ಫ್ಲಾಶ್ ಹಾಕಿ ತೆಗೆದ ಫೋಟೊವನ್ನು ಆರಿಸಬಾರದು, ಕಾರಣ ಇದೇ. ಫೋಟೊವನ್ನು ಕಪ್ಪುಬಿಳುಪು ಮಾಡಿಕೊಂಡರೆ ಕೆಲಸ ಇನ್ನೂ ಸುಲಭ. ಕೆಂಪು ಬಣ್ಣ, ಹಸಿರು ಬಣ್ಣ ಬೂದಿನಲ್ಲಿ ಎಷ್ಟು ಗಾಢ ಅಂತ ಕಣ್ಣು ಬಹಳ ಸಲ ತಪ್ಪು ಅಂದಾಜು ಮಾಡುತ್ತದೆ.

ಈಗ ಪೆನ್ಸಿಲ್ ಕೆಳಗಿಟ್ಟು ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ವಿವರಗಳು ಕರಗಿ ದೊಡ್ಡ ಬೆಳಕು, ದೊಡ್ಡ ನೆರಳು ಮಾತ್ರ ಉಳಿಯುತ್ತವೆ. ಆಮೇಲೆ ಕಣ್ಣು ಪೂರ್ತಿ ತೆರೆದು, ವಿವರ ಎಲ್ಲಿ ಹೆಚ್ಚು ಕಾಣುತ್ತಿದೆ ಅಂತ ಹುಡುಕಿ. ತುಂಬ ಬೆಳಕಿರುವ ಜಾಗದಲ್ಲಿ ಕಾಣುವುದಿಲ್ಲ, ತುಂಬ ಕಪ್ಪಿರುವ ಜಾಗದಲ್ಲೂ ಕಾಣುವುದಿಲ್ಲ. ಬೆಳಕು ನೆರಳಾಗಿ ತಿರುಗುವ ನಡುವಿನ ಪಟ್ಟಿ ಇದೆಯಲ್ಲ, ಅಲ್ಲಿ ಕಾಣುತ್ತದೆ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವುದರಿಂದ ಅಲ್ಲಿ ಪ್ರತಿ ತರಿಯೂ ಉದ್ದನೆಯ ನೆರಳು ಬೀಳಿಸುತ್ತದೆ. ನಿಮ್ಮ ಶ್ರಮದ ಮುಕ್ಕಾಲು ಭಾಗ ಆ ಪಟ್ಟಿಗೆ ಹೋಗಲಿ. ಇಡೀ ವಸ್ತುವಿನ ಮೇಲೆ ಒಂದೇ ಸಮನಾಗಿ ಚುಕ್ಕಿ ಅಥವಾ ಗೆರೆ ತುಂಬಿದರೆ ಅದು ವಾಲ್‌ಪೇಪರ್ ಅಂಟಿಸಿದ ಹಾಗೆ ಕಾಣುವುದು ಖಂಡಿತ.

ಹಂತ 3: ಹೊರಗೆರೆ ಮತ್ತು ಉಳಿಸಬೇಕಾದ ಬಿಳಿ

ಹೊರಗೆರೆಯನ್ನು ಎಚ್‌ಬಿಯಲ್ಲಿ ತೀರಾ ಹಗುರಾಗಿ ಹಾಕಿ. 2ಎಚ್‌ನಲ್ಲಿ ಹಾಕುವುದಾದರೆ ಇನ್ನೂ ಹುಷಾರು, ಗಟ್ಟಿ ಕಡ್ಡಿ ಹಾಳೆಯಲ್ಲಿ ಗೀರು ಮಾಡುತ್ತದೆ, ಅಳಿಸಿದರೂ ಗೀರು ಹೋಗುವುದಿಲ್ಲ. ಕೊನೆಯಲ್ಲಿ ಈ ಹೊರಗೆರೆ ಎಲ್ಲೂ ಗೆರೆಯಾಗಿ ಉಳಿಯಬಾರದು.

ಬಿಳಿಯಾಗಿ ಉಳಿಯಬೇಕಾದ ಜಾಗಗಳನ್ನೂ ಈಗಲೇ ಗುರುತಿಸಿ. ಹೊಳಪಿನ ಚುಕ್ಕಿ, ಗಾಜಿನ ಅಂಚು, ಲೋಹದ ಮಿಂಚು. ಗ್ರಾಫೈಟ್ ಒಮ್ಮೆ ತರಿಯೊಳಗೆ ಇಳಿದರೆ ಯಾವ ರಬ್ಬರೂ ಮೊದಲಿನ ಬಿಳಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ.

ಬೆಳ್ಳಗಿನ ಕೂದಲು, ಮೀಸೆ, ದಾರ ಇಂಥವಕ್ಕೆ ಆ ಇಂಕು ಮುಗಿದ ಬಾಲ್‌ಪೆನ್ ಬರುತ್ತದೆ. ಶೇಡಿಂಗ್ ಶುರು ಮಾಡುವ ಮೊದಲು, ಕೂದಲು ಇರಬೇಕಾದ ಕಡೆ ಪೆನ್ ತುದಿಯಿಂದ ಹಾಳೆಯಲ್ಲಿ ಸಣ್ಣ ಕಾಲುವೆ ಕೊರೆಯಿರಿ. ಆಮೇಲೆ ಪೆನ್ಸಿಲನ್ನು ವಾಲಿಸಿ ಮೇಲೆ ಶೇಡ್ ಮಾಡಿದರೆ ಗ್ರಾಫೈಟ್ ಕಾಲುವೆಯೊಳಗೆ ಇಳಿಯುವುದಿಲ್ಲ, ಬಿಳಿ ಗೆರೆ ಹಾಗೇ ಉಳಿಯುತ್ತದೆ. ಪೆನ್ನಿನಲ್ಲಿ ಇಂಕು ಒಂದಿಷ್ಟೂ ಇಲ್ಲ ಅನ್ನುವುದನ್ನು ಮೊದಲು ಬೇರೆ ಹಾಳೆಯಲ್ಲಿ ನೋಡಿಕೊಳ್ಳಿ. ಮತ್ತೆ ಇದನ್ನು ಅತಿ ಮಾಡಬೇಡಿ, ಕೊರೆದ ಗೆರೆಯನ್ನು ವಾಪಸ್ ತೆಗೆಯುವ ದಾರಿ ಇಲ್ಲ.

ಹಂತ 4: ಮೊದಲು ದೊಡ್ಡ ನೆರಳು

ವಿವರಕ್ಕೆ ಕೈ ಹಾಕುವ ಆಸೆ ಈಗ ಜೋರಾಗಿರುತ್ತದೆ. ತಡೆಯಿರಿ. ಕಲ್ಲಾಗಲಿ, ಹಣ್ಣಾಗಲಿ, ಮೊದಲು ಅದು ನುಣುಪಾಗಿದೆ ಅಂತಲೇ ಅಂದುಕೊಂಡು ಶೇಡ್ ಮಾಡಿ. ಬೆಳಕಿನ ಭಾಗ, ನಡುವಿನ ಬೂದು, ಅತಿ ಗಾಢ ನೆರಳು, ನೆರಳಿನ ಅಂಚಿನಲ್ಲಿ ನೆಲದಿಂದ ವಾಪಸ್ ಬರುವ ಮಂದ ಬೆಳಕು, ಆಮೇಲೆ ನೆಲದ ಮೇಲೆ ಬಿದ್ದ ನೆರಳು. ಇಷ್ಟು ಸರಿಯಾದರೆ ವಸ್ತು ಹಾಳೆಯಿಂದ ಎದ್ದು ನಿಲ್ಲುತ್ತದೆ. ಇದು ತಪ್ಪಿದ್ದರೆ ಮೇಲೆ ಎಷ್ಟು ಕುಸುರಿ ಮಾಡಿದರೂ ವ್ಯರ್ಥ.

2ಎಚ್ ಅಥವಾ ಎಚ್‌ಬಿಯಿಂದ ಶುರು ಮಾಡಿ. ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ವಾಲಿಸಿ, ಸಣ್ಣ ಸಣ್ಣ ಸುತ್ತುಗಳಲ್ಲಿ ಹಗುರಾಗಿ ಪದರ ಹಾಕಿ. ಉದ್ದ ಗೆರೆಗಳನ್ನು ಹಿಂದೆ ಮುಂದೆ ಎಳೆದರೆ ತಿರುಗುವ ಜಾಗದಲ್ಲೆಲ್ಲ ಕಪ್ಪು ಕಟ್ಟುತ್ತದೆ. ಒಂದು ಪದರ ಆದ ಮೇಲೆ 2ಬಿ, ಆಮೇಲೆ ನೆರಳಿಗೆ ಮಾತ್ರ 4ಬಿ. ಮೆತ್ತನೆ ಪೆನ್ಸಿಲ್ ಹಾಕಿದ ಮೇಲೆ ಬಿಳಿ ಚುಕ್ಕೆಗಳು ಉಳಿದು ತರಿತರಿಯಾಗಿ ಕಂಡರೆ ಎಚ್‌ಬಿಯನ್ನು ಅದರ ಮೇಲೆ ಹಗುರಾಗಿ ಓಡಿಸಿ, ಗ್ರಾಫೈಟ್ ತಗ್ಗುಗಳಿಗೆ ಇಳಿದು ನುಣುಪಾಗುತ್ತದೆ. ನನಗಂತೂ ಸ್ಟಂಪ್‌ಗಿಂತ ಈ ವಿಧಾನವೇ ಇಷ್ಟ. ಸ್ಟಂಪ್ ಎಲ್ಲವನ್ನೂ ಹೊಗೆ ಹಿಡಿದ ಹಾಗೆ ಮಾಡಿಬಿಡುತ್ತದೆ. ಹಿನ್ನೆಲೆಗೆ, ಬಿದ್ದ ನೆರಳಿಗೆ ಸ್ಟಂಪ್ ಸರಿ.

ಎಚ್ಚರಿಕೆ: ಬೆರಳಿನಿಂದ ತಿಕ್ಕಬೇಡಿ. ಚರ್ಮದ ಎಣ್ಣೆ ಹಾಳೆಗೆ ಹತ್ತುತ್ತದೆ, ಆ ಜಾಗದಲ್ಲಿ ಕಲೆ ಏಳುತ್ತದೆ, ರಬ್ಬರ್‌ಗೂ ಅದು ಹೋಗುವುದಿಲ್ಲ. ಕೈ ಕೆಳಗೆ ಹಾಳೆ ಇಟ್ಟುಕೊಳ್ಳಿ ಅಂದದ್ದೂ ಇದಕ್ಕೇ. ಬಲಗೈಯವರು ಎಡ ಮೇಲಿನಿಂದ, ಎಡಗೈಯವರು ಬಲ ಮೇಲಿನಿಂದ ಶುರು ಮಾಡಿದರೆ ಮುಗಿದ ಭಾಗದ ಮೇಲೆ ಕೈ ಉಜ್ಜುವುದು ತಪ್ಪುತ್ತದೆ.

ಹಂತ 5: ಉಬ್ಬು ಮತ್ತು ತಗ್ಗಿನ ನಿಯಮ

ಇಡೀ ವಿದ್ಯೆಯ ಬೇರು ಇಲ್ಲಿದೆ, ಇದನ್ನು ನಿಧಾನವಾಗಿ ಓದಿ. ಬೆಳಕು ಎಡಗಡೆಯಿಂದ ಬರುತ್ತಿದೆ ಅಂದುಕೊಳ್ಳಿ. ಮೇಲ್ಮೈಯಲ್ಲಿ ಒಂದು ಸಣ್ಣ ಉಬ್ಬು ಇದ್ದರೆ ಅದರ ಎಡಭಾಗ ಬೆಳ್ಳಗೆ, ಬಲಭಾಗ ಕಪ್ಪು. ಸಣ್ಣ ತಗ್ಗು ಇದ್ದರೆ ಪೂರ್ತಿ ಉಲ್ಟಾ: ಎಡಗೋಡೆಗೆ ಬೆಳಕು ತಲುಪದೆ ಕಪ್ಪಾಗುತ್ತದೆ, ಬಲಗೋಡೆ ಬೆಳಕಿಗೆ ಮುಖ ಮಾಡಿ ನಿಂತು ಬೆಳ್ಳಗಾಗುತ್ತದೆ. ಅಷ್ಟೇ. ಬಿರುಕು, ಸುಕ್ಕು, ಹೊಲಿಗೆ, ಮೊಳೆ ತೂತು, ಚರ್ಮದ ರಂಧ್ರ, ತುಕ್ಕಿನ ಹೊಪ್ಪಳೆ, ಎಲ್ಲಕ್ಕೂ ಇದೇ ನಿಯಮ.

ಹೊಸಬರು ಬಿರುಕು ಅಂದರೆ ಒಂದು ಕಪ್ಪು ಗೆರೆ ಎಳೆದು ಬಿಡುತ್ತಾರೆ. ಅದು ಗೆರೆಯಾಗಿಯೇ ಕಾಣುತ್ತದೆ, ಆಳ ಬರುವುದಿಲ್ಲ. ಆ ಗೆರೆಯ ಪಕ್ಕದಲ್ಲಿ, ಬೆಳಕಿಗೆ ಮುಖ ಮಾಡಿದ ಅಂಚಿನಲ್ಲಿ, ಸಣ್ಣ ತುದಿಯ ರಬ್ಬರ್‌ನಿಂದ ಒಂದು ತೆಳು ಬಿಳಿ ಎಳೆ ತೆಗೆಯಿರಿ. ಬಿರುಕು ತಕ್ಷಣ ಒಳಕ್ಕೆ ಹೋಗುತ್ತದೆ.

ಅಭ್ಯಾಸಕ್ಕೆ ಕಿತ್ತಳೆ ಹಣ್ಣಿಗಿಂತ ಒಳ್ಳೆಯ ಗುರು ಇಲ್ಲ. ಸಿಪ್ಪೆಯ ತುಂಬ ತಗ್ಗುಗಳು. ನಡುವೆ ಇರುವ ತಗ್ಗುಗಳು ದುಂಡಗೆ ಕಾಣುತ್ತವೆ, ಅಂಚಿಗೆ ಹೋದಂತೆ ಮೇಲ್ಮೈ ಆಚೆಗೆ ತಿರುಗುವುದರಿಂದ ಮೊಟ್ಟೆಯಾಕಾರವಾಗಿ, ಆಮೇಲೆ ಬರೀ ಗೆರೆಯಾಗಿ ಕಿರಿದಾಗುತ್ತವೆ, ಒಂದಕ್ಕೊಂದು ಹತ್ತಿರವೂ ಆಗುತ್ತವೆ. ಬೆಳಕಿನ ಭಾಗದಲ್ಲಿ ಅಲ್ಲೊಂದು ಇಲ್ಲೊಂದು, ಹೊಳಪಿನ ಸುತ್ತಮುತ್ತ ಚದುರಿದ ಬಿಳಿ ಚೂರುಗಳು, ನಡುವಿನ ಪಟ್ಟಿಯಲ್ಲಿ ಒತ್ತಾಗಿ, ನೆರಳಿನಲ್ಲಿ ಹೆಚ್ಚುಕಡಿಮೆ ಮಾಯ. ಒಂದು ಕಿತ್ತಳೆಯನ್ನು ಹೀಗೆ ತಾಳ್ಮೆಯಿಂದ ಬಿಡಿಸಿದರೆ ಉಳಿದ ಮೇಲ್ಮೈಗಳ ಗುಟ್ಟು ಅರ್ಧ ಸಿಕ್ಕಂತೆ.

ಹಂತ 6: ಬೇರೆ ಬೇರೆ ಮೇಲ್ಮೈಗಳು

ಐದು ಸೆಂಟಿಮೀಟರ್ ಚೌಕಗಳನ್ನು ಹಾಕಿಕೊಂಡು ಒಂದೊಂದರಲ್ಲಿ ಒಂದೊಂದನ್ನು ಅಭ್ಯಾಸ ಮಾಡಿ. ನೇರವಾಗಿ ದೊಡ್ಡ ಚಿತ್ರಕ್ಕೆ ಹೋಗಬೇಡಿ.

ಕಲ್ಲು: ಎಚ್‌ಬಿಯಲ್ಲಿ ಗೊತ್ತುಗುರಿ ಇಲ್ಲದ ಸಣ್ಣ ಸುತ್ತುಗಳಿಂದ ಬೂದು ಪದರ ಹಾಕಿ, ಪೆನ್ಸಿಲನ್ನು ಬೆರಳುಗಳಲ್ಲಿ ತಿರುಗಿಸುತ್ತಾ ಇದ್ದರೆ ಗುರುತುಗಳು ಒಂದೇ ಥರ ಬರುವುದಿಲ್ಲ. ನೀಡೆಡ್ ಇರೇಸರನ್ನು ಚೂಪು ಮಾಡಿ ಅಲ್ಲಲ್ಲಿ ಒತ್ತಿ ಎತ್ತಿ. ಬಂದ ಪ್ರತಿ ಬಿಳಿ ಚುಕ್ಕೆಯ ಪಕ್ಕ, ನೆರಳಿನ ಕಡೆಗೆ, 4ಬಿಯಿಂದ ಪುಟ್ಟ ಕಪ್ಪು ಕೂರಿಸಿ. ಚುಕ್ಕೆಗಳ ಗಾತ್ರ, ಅಂತರ ಎರಡೂ ಏರುಪೇರಾಗಿರಲಿ. ಕೈಗೆ ಒಂದು ಲಯ ಸಿಕ್ಕಿತು ಅಂದರೆ ಅಪಾಯ, ಆಗ ವಿನ್ಯಾಸ ಹುಟ್ಟುತ್ತದೆ, ಕಲ್ಲು ಹೋಗುತ್ತದೆ.

ಮರ: ಹಲಗೆಯ ಮೇಲೆ ಕಾಣುವ ಗೆರೆಗಳು ಮರದ ಬೆಳವಣಿಗೆಯ ಉಂಗುರಗಳನ್ನು ಉದ್ದಕ್ಕೆ ಸೀಳಿದಾಗ ಸಿಗುವ ರೂಪ. ಅಗಲವಾದ ತಿಳಿ ಪಟ್ಟಿ, ಅದರ ಪಕ್ಕ ಕಿರಿದಾದ ಗಾಢ ಪಟ್ಟಿ, ಹೀಗೆ ಸಾಗುತ್ತವೆ. ಅವು ಒಂದನ್ನೊಂದು ಎಂದೂ ಕತ್ತರಿಸುವುದಿಲ್ಲ. ಗಂಟು ಬಂದ ಕಡೆ ಎಲ್ಲ ಗೆರೆಗಳೂ ಅದನ್ನು ಬಳಸಿಕೊಂಡು ಹೋಗಿ ಮತ್ತೆ ಸೇರುತ್ತವೆ. ಮೊದಲು ಇಡೀ ಹಲಗೆಗೆ ಒಂದು ಬೂದು, ಆಮೇಲೆ ಗಂಟುಗಳ ಜಾಗ, ಆಮೇಲೆ ಅವುಗಳ ಸುತ್ತ ಗೆರೆಗಳು, ಈ ಕ್ರಮ ಬದಲಾಯಿಸಬೇಡಿ. ಗೆರೆಯ ಒತ್ತಡ ನಡುನಡುವೆ ಬದಲಾಗಲಿ: ಒಂದು ಕಡೆ ಗಟ್ಟಿ, ಒಂದು ಕಡೆ ಕಂಡೂ ಕಾಣದ ಹಾಗೆ. ಹಳೆಯ, ಬಿಸಿಲಿಗೆ ಒಣಗಿದ ಮರವಾದರೆ ಗೆರೆಯ ಗುಂಟ ಸೀಳುಗಳಿರುತ್ತವೆ, ಅಲ್ಲಿ 6ಬಿ ಮತ್ತು ಐದನೆಯ ಹಂತದ ಬಿಳಿ ಎಳೆ.

ಲೋಹ: ಹೊಳೆಯುವ ಲೋಹಕ್ಕೆ ತನ್ನದೇ ಬಣ್ಣಕ್ಕಿಂತ ಸುತ್ತಲಿನ ಪ್ರತಿಬಿಂಬವೇ ಮುಖ್ಯ. ಅದರಲ್ಲಿ ಹಾಳೆಯ ಬಿಳಿ ಮತ್ತು ನಿಮ್ಮ ಅತಿ ಕಪ್ಪು ಪಕ್ಕಪಕ್ಕದಲ್ಲೇ, ನಡುವೆ ಮೆಟ್ಟಿಲಿಲ್ಲದೆ ನಿಲ್ಲುತ್ತವೆ. ಈ ಧೈರ್ಯ ಬಂದರೆ ಲೋಹ ಬಂತು. ಚಮಚದ ಹಿಡಿಯನ್ನೋ ಕೊಳವೆಯನ್ನೋ ನೋಡಿ, ಪ್ರತಿಬಿಂಬಗಳು ಅದರ ಉದ್ದಕ್ಕೆ ಪಟ್ಟಿಗಳಾಗಿ ಹಿಗ್ಗಿರುತ್ತವೆ. ಆ ಪಟ್ಟಿಗಳ ಆಕಾರವನ್ನು ಕಂಡ ಹಾಗೇ ನಕಲು ಮಾಡಿ, ಅಂಚು ಚೂಪಾಗಿರಲಿ. ಇಲ್ಲಿ ಸ್ಟಂಪ್ ಹಾಕಿದರೆ ಲೋಹ ಹೋಗಿ ಮಂಕು ಪ್ಲಾಸ್ಟಿಕ್ ಉಳಿಯುತ್ತದೆ. ತುಕ್ಕು ಹಿಡಿದ ಲೋಹ ಮಾತ್ರ ಬೇರೆ, ಅದನ್ನು ಕಲ್ಲಿನ ಹಾಗೆ ನಡೆಸಿಕೊಳ್ಳಿ.

ಗಾಜು ಮತ್ತು ನೀರ ಹನಿ: ಎಲ್ಲರಿಗೂ ಕಷ್ಟ ಅನ್ನಿಸುವ ಹನಿ ನಿಜಕ್ಕೂ ಸುಲಭ, ಯಾಕೆಂದರೆ ಅದಕ್ಕೆ ಖಚಿತ ನಿಯಮ ಇದೆ. ಬೆಳಕು ಎಡ ಮೇಲಿನಿಂದ ಬರುತ್ತಿದ್ದರೆ, ಹನಿಯ ಒಳಗೆ ಎಡ ಮೇಲ್ಭಾಗ ಗಾಢವಾಗಿರುತ್ತದೆ, ಆ ಗಾಢದ ನಡುವೆಯೇ ಒಂದು ಶುದ್ಧ ಬಿಳಿ ಚುಕ್ಕೆ. ಬೆಳಕು ಹನಿಯನ್ನು ಹೊಕ್ಕು ಬಾಗಿ ಬಲ ಕೆಳಭಾಗದಲ್ಲಿ ಸೇರುವುದರಿಂದ ಅಲ್ಲಿ ತಿಳಿ. ಹನಿಯ ಹೊರಗೆ, ಬಲ ಕೆಳಗೆ, ಬಿದ್ದ ನೆರಳು, ಆ ನೆರಳಿನ ಒಳಗೂ ಒಂದು ಬೆಳಕಿನ ತುಣುಕು. ಮಾಮೂಲಿ ಚೆಂಡಿನ ಶೇಡಿಂಗ್‌ಗೆ ಇದು ಉಲ್ಟಾ ಅನ್ನುವುದನ್ನು ಗಮನಿಸಿದಿರಾ? ಚೆಂಡಿನ ಹಾಗೆ ಶೇಡ್ ಮಾಡಿದ ಹನಿ ಎಂದೂ ನೀರಾಗುವುದಿಲ್ಲ. ಗಾಜಿನ ಲೋಟಕ್ಕೆ ಇಷ್ಟು ಖಚಿತ ನಿಯಮ ಇಲ್ಲ. ಅದರ ಒಳಗೆ ಕಾಣುವ ವಿಚಿತ್ರ ಆಕಾರಗಳನ್ನು ಇದು ಏನು ಅಂತ ಯೋಚಿಸದೆ ಒಂದೊಂದಾಗಿ ಬಿಡಿಸಬೇಕು. ಅಂಚಿನಲ್ಲಿ ಮತ್ತು ತಳದಲ್ಲಿ ಕಪ್ಪು ಬಿಳಿ ಜಾಸ್ತಿ, ನಡುವೆ ಹಿಂದಿರುವ ವಸ್ತುವೇ ಕಾಣುತ್ತದೆ.

ಬಟ್ಟೆ: ನೂಲಿಗಿಂತ ಮಡಿಕೆ ಮುಖ್ಯ. ಮಡಿಕೆಯ ನೆರಳು ಒಂದು ಕಡೆ ಚೂಪಾಗಿ ಶುರುವಾಗಿ ಇನ್ನೊಂದು ಕಡೆ ಮೆಲ್ಲಗೆ ಕರಗುತ್ತದೆ. ಹತ್ತಿ ಬಟ್ಟೆಯಲ್ಲಿ ಈ ಕರಗುವಿಕೆ ನಿಧಾನ, ರೇಷ್ಮೆಯಲ್ಲಿ ಬೆಳಕಿನ ಪಟ್ಟಿ ಕಿರಿದು ಮತ್ತು ಜೋರು. ಮಖಮಲ್ ವಿಶೇಷ: ಅದರ ನಿಂತ ಎಳೆಗಳ ಕಾರಣಕ್ಕೆ ನಿಮಗೆ ನೇರ ಎದುರಾಗಿರುವ ಭಾಗ ಗಾಢ, ತಿರುಗಿ ಹೋಗುವ ಅಂಚು ಹೊಳೆಯುತ್ತದೆ. ಒರಟು ನೇಯ್ಗೆ ತೋರಿಸಬೇಕಾದರೆ ಅಡ್ಡ ಮತ್ತು ಉದ್ದ ಸಣ್ಣ ಗೆರೆಗಳನ್ನು ನಡುವಿನ ಬೂದಿನಲ್ಲಿ ಮಾತ್ರ ಹಾಕಿ, ಆ ಗೆರೆಗಳು ಮಡಿಕೆಯ ಜೊತೆ ಬಾಗಲೇಬೇಕು. ನೇರ ಗೆರೆ ಹಾಕಿದರೆ ಬಟ್ಟೆಯ ಮುಂದೆ ಬಲೆ ಕಟ್ಟಿದ ಹಾಗಾಗುತ್ತದೆ.

ಕೂದಲು ಮತ್ತು ತುಪ್ಪಳ: ಒಂದೊಂದೇ ಕೂದಲು ಎಣಿಸುತ್ತಾ ಬಿಡಿಸಲು ಹೋಗಬೇಡಿ. ಕೂದಲು ಗೊಂಚಲುಗಳಲ್ಲಿ ಇರುತ್ತದೆ. ಮೊದಲು ಗೊಂಚಲುಗಳ ಆಕಾರ, ಅವುಗಳ ನಡುವಿನ ಕಪ್ಪು ಸಂದು. ಈ ಸಂದುಗಳನ್ನು 4ಬಿಯಲ್ಲಿ ತುಂಬಿದರೆ ಗೊಂಚಲುಗಳು ತಾವಾಗಿ ಮುಂದೆ ಬರುತ್ತವೆ. ಆಮೇಲೆ ಗೆರೆಗಳು: ಬುಡದಿಂದ ತುದಿಯ ಕಡೆಗೆ ಬೀಸಿ, ತುದಿ ಬರುತ್ತಿದ್ದಂತೆ ಪೆನ್ಸಿಲ್ ಎತ್ತಿ, ಗೆರೆ ಚೂಪಾಗಿ ಮುಗಿಯಬೇಕು. ಎರಡೂ ತುದಿ ಒಂದೇ ದಪ್ಪ ಇದ್ದರೆ ಅದು ತಂತಿ. ಪ್ರಾಣಿಯ ಮೈಮೇಲೆ ತುಪ್ಪಳದ ದಿಕ್ಕು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಶುರು ಮಾಡುವ ಮೊದಲು ಬೇರೆ ಹಾಳೆಯಲ್ಲಿ ಬಾಣದ ಗುರುತು ಹಾಕಿ ನಕ್ಷೆ ಮಾಡಿಕೊಳ್ಳಿ. ಮೂಗಿನ ಮೇಲೆ, ಹಣೆಯ ಮೇಲೆ ನಮ್ಮ ಕಡೆಗೇ ತಿರುಗಿರುವ ಗಿಡ್ಡ ಕೂದಲು ಬರೀ ಚುಕ್ಕೆಯಾಗಿ ಕಾಣುತ್ತದೆ, ಅಲ್ಲಿ ಉದ್ದ ಗೆರೆ ಎಳೆದರೆ ಮುಖದ ಆಕಾರವೇ ಕೆಡುತ್ತದೆ.

ಮನುಷ್ಯರ ಚರ್ಮ: ನುಣುಪು ಹಾಳೆ, ಚೂಪಾದ ಎಚ್‌ಬಿ, ತೀರಾ ಹಗುರವಾದ ಸುತ್ತುಗಳು, ಬಹಳ ಪದರ. ಸುಕ್ಕನ್ನು ಗೆರೆಯಾಗಿ ಎಳೆಯಬೇಡಿ. ಅದು ಮೆತ್ತನೆಯ ಕಣಿವೆ, ಒಂದು ಬದಿ ನೆರಳು, ಪಕ್ಕದಲ್ಲಿ ಉಬ್ಬಿದ ಬೆಳಕು. ರಂಧ್ರಗಳು ಕೆನ್ನೆ ಮತ್ತು ಮೂಗಿನ ಮೇಲೆ, ನಡುವಿನ ಬೂದಿನಲ್ಲಿ ಅಷ್ಟಿಷ್ಟು ಕಂಡರೆ ಸಾಕು. ಚರ್ಮದ ಚೀಲ, ಬೂಟುಗಳಿಗೆ ಇದೇ ದಾರಿ, ಆದರೆ ಬಿರುಕಿನ ಬಲೆ ಸ್ಪಷ್ಟ, ಹೊಳಪು ಜಾಸ್ತಿ.

ಹಂತ 7: ಕಪ್ಪು ಮತ್ತು ಬೇಡದ ಹೊಳಪು

ಎಲ್ಲ ಮುಗಿದ ಮೇಲೆ ಚಿತ್ರವನ್ನು ಓರೆಯಾಗಿ ನೋಡಿದರೆ ಕಪ್ಪು ಭಾಗಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ, ಇದರ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಗ್ರಾಫೈಟ್ ಚಪ್ಪಟೆ ಹಳುಕುಗಳಿಂದ ಆದದ್ದು. ಒತ್ತಿದಾಗ ಅವೆಲ್ಲ ಒಂದೇ ಕಡೆ ಮಲಗಿ ಕನ್ನಡಿಯ ಕೆಲಸ ಮಾಡುತ್ತವೆ. ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಒತ್ತಡದ ಬದಲು ಪದರ, ಗೆರೆಗಳ ದಿಕ್ಕು ಬದಲಾವಣೆ, ಗಾಢ ಜಾಗದಲ್ಲಿ ಸ್ಟಂಪ್ ಬಳಸದಿರುವುದು.

ಹೊಳಪೇ ಇಲ್ಲದ ಗಾಢ ಕಪ್ಪು ಬೇಕೇ ಬೇಕು ಅಂದರೆ ಕಾರ್ಬನ್ ಪೆನ್ಸಿಲ್ ಅಥವಾ ಇದ್ದಿಲ ಪೆನ್ಸಿಲ್ ಬಳಸಿ. ಆದರೆ ಅದನ್ನು ಖಾಲಿ ಹಾಳೆಯ ಮೇಲೆ, ಗ್ರಾಫೈಟ್‌ಗಿಂತ ಮೊದಲೇ ಹಾಕಬೇಕು. ಹೊಳೆಯುತ್ತಿರುವ ಗ್ರಾಫೈಟ್ ಮೇಲೆ ಇದ್ದಿಲು ನಿಲ್ಲುವುದಿಲ್ಲ. ಅಂದರೆ ಅತಿ ಕಪ್ಪು ಎಲ್ಲಿ ಬರುತ್ತದೆ ಅನ್ನುವುದು ಮೂರನೆಯ ಹಂತದಲ್ಲೇ ಗೊತ್ತಿರಬೇಕು.

ಹಂತ 8: ಅಂಚು ನೋಡಿ, ಕೊನೆಯ ಬಿಳಿ ತೆಗೆಯಿರಿ

ಚಿತ್ರವನ್ನು ಎರಡು ಮೂರು ಮೀಟರ್ ದೂರ ಇಟ್ಟು ನೋಡಿ. ತಲೆಕೆಳಗು ಮಾಡಿಯೂ ನೋಡಿ, ವಸ್ತು ಯಾವುದು ಅನ್ನುವುದನ್ನು ಕಣ್ಣು ಮರೆತು ಬರೀ ಬೆಳಕು ನೆರಳನ್ನು ಗಮನಿಸುತ್ತದೆ. ಎಲ್ಲ ಅಂಚುಗಳೂ ಒಂದೇ ಸಮ ಚೂಪಾಗಿದ್ದರೆ ನೆರಳಿನ ಕಡೆಯ ಅಂಚನ್ನು ಸ್ವಲ್ಪ ಕರಗಿಸಿ. ಹಿನ್ನೆಲೆಯಲ್ಲಿ ಇರುವ ವಸ್ತುವಿಗೆ ವಿವರ ಕಡಿಮೆ ಮಾಡಿ.

ಆಮೇಲೆ ರಬ್ಬರ್‌ನ ಚೂಪು ತುದಿಯನ್ನು ಚೊಕ್ಕಟ ಮಾಡಿಕೊಂಡು ಹೊಳಪಿನ ಚುಕ್ಕೆಗಳನ್ನು ಮತ್ತೆ ಬಿಳಿ ಮಾಡಿ. ಇದು ಕೊನೆಗೇ ಆಗಬೇಕು, ಮಧ್ಯದಲ್ಲಿ ಮಾಡಿದರೆ ಕೈ ತಾಗಿ ಮತ್ತೆ ಮಸುಕಾಗುತ್ತದೆ. ರಬ್ಬರ್ ಕಸವನ್ನು ಕೈಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ (ಎಂಜಲಿನ ಹನಿ ಬಿದ್ದರೆ ಹಾಳೆಯಲ್ಲಿ ಕಲೆ ನಿಲ್ಲುತ್ತದೆ), ಬ್ರಷ್‌ನಿಂದ ತಳ್ಳಿ.

ಹಂತ 9: ಉಳಿಸಿಕೊಳ್ಳುವುದು

ಗ್ರಾಫೈಟ್ ಹಾಳೆಯ ಮೇಲೆ ಸಡಿಲವಾಗಿ ಕೂತಿರುತ್ತದೆ, ವರ್ಷಗಳ ನಂತರವೂ ಉಜ್ಜಿದರೆ ಹರಡುತ್ತದೆ. ಇದನ್ನು ತಡೆಯಲು ಫಿಕ್ಸೆಟಿವ್ ಸ್ಪ್ರೇ ಇದೆ, ಅಂದರೆ ಗ್ರಾಫೈಟನ್ನು ಹಾಳೆಗೆ ಅಂಟಿಸಿ ಹಿಡಿಯುವ ತೆಳು ಲೇಪ. ಗಾಳಿಯಾಡುವ ಜಾಗದಲ್ಲಿ, ಸುಮಾರು 30 ಸೆಂಟಿಮೀಟರ್ ದೂರದಿಂದ, ಹಗುರವಾಗಿ ಎರಡು ಮೂರು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಹೊಡೆಯಿರಿ. ಒಂದೇ ಸಲ ತೋಯಿಸಿದರೆ ಕಲೆ ಏಳುತ್ತದೆ. ಸ್ಪ್ರೇಯಿಂದ ಬೂದುಗಳು ತುಸು ಗಾಢವಾಗಬಹುದು, ಹಾಗಾಗಿ ಮೊದಲು ನಿಮ್ಮ ಅಭ್ಯಾಸದ ಚೌಕಗಳ ಮೇಲೆ ಪರೀಕ್ಷೆ ಮಾಡಿ. ಒಮ್ಮೆ ಹೊಡೆದ ಮೇಲೆ ಅಳಿಸುವುದು ಕಷ್ಟ. ತಲೆಗೆ ಹಾಕುವ ಹೇರ್ ಸ್ಪ್ರೇ ಬೇಡ, ಕಾಲ ಕಳೆದಂತೆ ಹಾಳೆ ಹಳದಿ ತಿರುಗಬಹುದು.

ಫೋಟೊ ತೆಗೆಯುವುದಿದ್ದರೆ ಮೋಡ ಕವಿದ ಹಗಲಿನ ಬೆಳಕು ಒಳ್ಳೆಯದು, ನೇರ ದೀಪ ಗ್ರಾಫೈಟ್‌ನ ಹೊಳಪನ್ನು ಎತ್ತಿ ತೋರಿಸುತ್ತದೆ. ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ಕಾಗದದ ಚೌಕಟ್ಟು ಇಡಿಸಿ. ಕಟ್ಟು ಹಾಕಿಸದೆ ಒಂದರ ಮೇಲೊಂದು ಇಡುವುದಾದರೆ ಪ್ರತಿ ಚಿತ್ರದ ನಡುವೆ ಬಟರ್ ಪೇಪರ್ ಹಾಕಿ, ಸುದ್ದಿಪತ್ರಿಕೆಯ ಹಾಳೆ ಬೇಡ, ಅದರ ಆಮ್ಲ ಮತ್ತು ಇಂಕು ಎರಡೂ ಚಿತ್ರಕ್ಕೆ ಹತ್ತುತ್ತವೆ.